ಚಳಿಗಾಲದ ರಾತ್ರಿ: ಕೆಂಡ ಹೊರಗಿರಲಿ, ಕಾವು ಒಳಗಿರಲಿ

ಡಿಸೆಂಬರ್ ನಡುವಿನಿಂದ ಫೆಬ್ರುವರಿಯ ಮೊದಲ ವಾರಗಳವರೆಗೆ ನೀಲಗಿರಿಯ ಮೇಲ್ಭಾಗದ ನಮ್ಮ ಊರುಗಳಿಗೆ ಹಿಮದ ಕಾಲ. ಸಮುದ್ರ ಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದ ಉದಕಮಂಡಲದ ಸುತ್ತ ಹಗಲು ಬಿಸಿಲಿದ್ದರೂ, ಮೋಡವಿಲ್ಲದ ರಾತ್ರಿ ನೆಲದ ಕಾವೆಲ್ಲ ಆಕಾಶಕ್ಕೆ ಹೊರಟುಹೋಗುತ್ತದೆ. ತಗ್ಗಿನ ಹೊಲಗಳಲ್ಲಿ ಬೆಳಗಿನ ಜಾವ ಸೊನ್ನೆ ಡಿಗ್ರಿ ಮುಟ್ಟುವುದುಂಟು. ಹಿಮಕ್ಕೆ ಕಪ್ಪಾದ ಆಲೂಗೆಡ್ಡೆ ಎಲೆಯನ್ನು ಕಂಡರೆ ನಾವು ಗಾಬರಿಪಡುತ್ತೇವೆ. ಮನೆಯೊಳಗೆ ಮಲಗಿದವರ ವಿಷಯದಲ್ಲಿ ಅಷ್ಟು ಎಚ್ಚರ ನಮಗಿಲ್ಲ.

ನಮ್ಮ ಮನೆಯಲ್ಲೇ ನಡೆದದ್ದನ್ನು ಹೇಳುತ್ತೇವೆ. ಕೆಲವು ವರ್ಷಗಳ ಹಿಂದೆ ತಾಳವಾಡಿಯಿಂದ ಚಿಕ್ಕಮ್ಮ ತಮ್ಮ ಇಬ್ಬರು ಮಕ್ಕಳೊಡನೆ ಕ್ರಿಸ್ಮಸ್ ಹಬ್ಬಕ್ಕೆ ಬಂದಿದ್ದರು. ನಡುರಾತ್ರಿಯ ಬಲಿಪೂಜೆ ಮುಗಿಸಿ ಮನೆಗೆ ಬಂದಾಗ ಮಕ್ಕಳು ನಡುಗುತ್ತಿದ್ದರು. ನಂಟರಿಗೆ ಚಳಿಯಾಗಬಾರದೆಂದು ಅವರ ಕೋಣೆಯಲ್ಲಿ ಅಗ್ಗಿಷ್ಟಿಕೆ ತುಂಬ ಇದ್ದಿಲ ಕೆಂಡ ಇಟ್ಟೆವು. ಕಿಟಕಿಯ ಸಂದಿಗೆ ಹಳೆಯ ಸೀರೆ ತುರುಕಿದೆವು. ಹೊಗೆ ಸ್ವಲ್ಪವೂ ಇರಲಿಲ್ಲ. ಮೂರು ಗಂಟೆಯ ಹೊತ್ತಿಗೆ ಚಿಕ್ಕಮ್ಮ ನೀರು ಕುಡಿಯಲು ಎದ್ದು, ಬಾಗಿಲು ತೆಗೆಯುತ್ತಲೇ ಹೊಸ್ತಿಲ ಮೇಲೆ ಬಿದ್ದರು. ಆ ಸದ್ದಿಗೆ ನಮಗೆ ಎಚ್ಚರವಾಯಿತು. ಮಕ್ಕಳು ಕೂಗಿದರೂ ಏಳಲಿಲ್ಲ. ಹೊರಗೆ ಎತ್ತಿ ತಂದು, ಆಸ್ಪತ್ರೆಯಲ್ಲಿ ಆಮ್ಲಜನಕ ಕೊಡಿಸಿದ ಮೇಲೆ ಚೇತರಿಸಿಕೊಂಡರು. ಚಿಕ್ಕಮ್ಮನಿಗೆ ಆ ಹೊತ್ತಿನಲ್ಲಿ ಬಾಯಾರಿಕೆ ಆಗದಿದ್ದರೆ ಎಂದು ನಾವು ಇಂದಿಗೂ ಯೋಚಿಸುವುದುಂಟು.

ಹೊಗೆ ಇಲ್ಲದಿದ್ದರೆ ಅಪಾಯವಿಲ್ಲ ಎಂಬುದು ನಮ್ಮ ತಪ್ಪು ತಿಳಿವಳಿಕೆಯಾಗಿತ್ತು. ಇದ್ದಿಲು ಉರಿಯುವಾಗ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಹೊರಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಯುವುದಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಈ ಅನಿಲಕ್ಕೆ ಅಂಟಿಕೊಳ್ಳುತ್ತದೆ. ಹೀಗಾಗಿ ಉಸಿರಾಡುತ್ತಿದ್ದರೂ ಮೆದುಳಿಗೂ ಹೃದಯಕ್ಕೂ ಆಮ್ಲಜನಕ ಸಾಲದು. ಬಸುರಿಯ ಹೊಟ್ಟೆಯಲ್ಲಿರುವ ಮಗುವಿಗೆ ಇದರಿಂದ ಇನ್ನೂ ಹೆಚ್ಚಿನ ಹಾನಿ.

ಮೊದಲು ತಲೆನೋವು, ಆಮೇಲೆ ತಲೆಸುತ್ತು, ವಾಕರಿಕೆ, ಕಾಲಿನಲ್ಲಿ ನಿಶ್ಶಕ್ತಿ, ಮಂಪರು. ನೆಗಡಿ ಜ್ವರ ಬರುವ ಸೂಚನೆ ಎಂದುಕೊಂಡು ಇನ್ನಷ್ಟು ಹೊದ್ದು ಮಲಗುವವರೇ ಹೆಚ್ಚು. ಒಂದೇ ಕೋಣೆಯಲ್ಲಿ ಮಲಗಿದ ಎಲ್ಲರಿಗೂ ಒಟ್ಟಿಗೆ ತಲೆನೋವು ಬಂದರೆ, ಅಂಗಳಕ್ಕೆ ಬಂದಾಗ ಅದು ಕಡಿಮೆಯಾದರೆ, ಕೆಂಡದ ಮೇಲೆಯೇ ಅನುಮಾನ ಪಡಿ. ಕೂಡಲೇ ಬಾಗಿಲು ಕಿಟಕಿ ತೆರೆದು ಎಲ್ಲರನ್ನೂ ಹೊರಗೆ ತನ್ನಿ, 108ಕ್ಕೆ ಕರೆಮಾಡಿ. ಬರಿಯ ಗಾಳಿಯಲ್ಲಿ ರಕ್ತದಲ್ಲಿರುವ ಈ ಅನಿಲ ಅರ್ಧಕ್ಕೆ ಇಳಿಯಲು ನಾಲ್ಕೈದು ಗಂಟೆ ಹಿಡಿಯುತ್ತದೆ. ಆಸ್ಪತ್ರೆಯಲ್ಲಿ ಶುದ್ಧ ಆಮ್ಲಜನಕ ಕೊಟ್ಟರೆ ಒಂದು, ಒಂದೂವರೆ ಗಂಟೆ ಸಾಕು. ಕೊರೋನಾ ಕಾಲದಲ್ಲಿ ಕೊಂಡ ಬೆರಳಿಗೆ ಸಿಕ್ಕಿಸುವ ಯಂತ್ರವನ್ನು ಇಲ್ಲಿ ನಂಬಬೇಡಿ. ಅದು ಈ ವಿಷವನ್ನೂ ಆಮ್ಲಜನಕವೆಂದೇ ಲೆಕ್ಕ ಹಿಡಿದು ಎಲ್ಲ ಸರಿಯಿದೆ ಎಂದು ತೋರಿಸುತ್ತದೆ.

ಹಾಗಾದರೆ ಚಳಿಯಲ್ಲಿ ನಡುಗುತ್ತ ಮಲಗಬೇಕೆ? ಬೇಡ. ಬೆಂಕಿಯ ಯೋಚನೆಗಿಂತ ಮೊದಲು, ಇರುವ ಕಾವು ಎಲ್ಲಿಂದ ಸೋರುತ್ತದೆ ನೋಡಿ. ತಗಡಿನ ಮಾಡಿನ ಮನೆಯಲ್ಲಿ ಬಿಸಿ ಗಾಳಿ ಮೇಲೇರಿ ತಗಡಿಗೆ ತಾಗಿ ತಣ್ಣಗಾಗುತ್ತದೆ. ಕೆಳಗೆ ಮರದ ಹಲಗೆಯದೋ ಬಿದಿರ ಚಾಪೆಯದೋ ಮುಚ್ಚಿಗೆ ಹಾಕಿಸಿದರೆ ನಡುವಿನ ಗಾಳಿಯೇ ಕಂಬಳಿಯಂತೆ ಕೆಲಸಮಾಡುತ್ತದೆ. ಖರ್ಚಿನ ಕೆಲಸ ನಿಜ, ಆದರೆ ಒಮ್ಮೆ ಮಾಡಿದರೆ ಬಹಳ ವರ್ಷ ಬಾಳುತ್ತದೆ. ಬಾಗಿಲ ಕೆಳಗಿನ ಸಂದಿಗೆ ಮಡಿಸಿದ ಗೋಣಿಚೀಲ ಸಾಕು. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲುವುದರಿಂದ ಆ ಕಡೆಯ ಕಿಟಕಿಗಳನ್ನು ಹತ್ತರಿಂದ ಮೂರು ಗಂಟೆಯವರೆಗೆ ತೆರೆದು, ಬಿಸಿಲು ಒಳಗೆ ಬೀಳಲಿ. ಹಾಸಿಗೆಯನ್ನೂ ಅಲ್ಲೇ ಹರಡಿ. ಬಿಸಿಲು ಇಳಿಯುವ ಮೊದಲೇ ಕಿಟಕಿ ಮುಚ್ಚಬೇಕು. ನಮ್ಮಲ್ಲಿ ಅನೇಕರು ದೀಪ ಹಚ್ಚುವವರೆಗೂ ಮರೆಯುತ್ತಾರೆ.

ಒಲೆಗೆ ಹೊಗೆಕೊಳವೆ ಇರಲೇಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಅಸ್ತ್ರ ಒಲೆಯ ಹೆಸರು ಹಲವರಿಗೆ ಗೊತ್ತು. ಕಡಿಮೆ ಸೌದೆಯಲ್ಲಿ ಅಡಿಗೆಯಾಗಿ ಹೊಗೆ ಮಾಡಿನ ಮೇಲಕ್ಕೆ ಹೋಗುತ್ತದೆ. ಹೊಸದಾಗಿ ಒಲೆ ಹಾಕುವವರು ಮಲಗುವ ಕೋಣೆಗೆ ಅಂಟಿದ ಮಣ್ಣಿನ ಅಥವಾ ಇಟ್ಟಿಗೆಯ ಗೋಡೆಗೆ ಸೇರಿಸಿ ಹಾಕಿ. ಸಂಜೆಯ ಅಡಿಗೆಯ ಕಾವನ್ನು ಗೋಡೆ ಹಿಡಿದಿಟ್ಟುಕೊಂಡು ನಿಧಾನವಾಗಿ ಆಚೆ ಕೋಣೆಗೆ ಬಿಡುತ್ತದೆ. ಒಲೆಯ ಮುಂದೆ ಎಲ್ಲರೂ ಕುಳಿತು ಮೈ ಕಾಯಿಸಿಕೊಳ್ಳಿ, ಮಾತಾಡಿ. ಮಲಗುವಾಗ ಮಾತ್ರ ಕೆಂಡ ಮನೆಯ ಹೊರಗೆ. ಒಡೆದ ಮಡಕೆ, ಬಾಂಡ್ಲಿ, ಯಾವುದರಲ್ಲಿಟ್ಟರೂ ಅದೇ ಕೆಂಡ.

ಹಾಸಿಗೆಯಲ್ಲಿ ಕಾಲ ಹತ್ತಿರ ಬಿಸಿನೀರಿನ ರಬ್ಬರ್ ಚೀಲವನ್ನು ಬಟ್ಟೆ ಸುತ್ತಿ ಇಟ್ಟುಕೊಳ್ಳಿ. ಅಜ್ಜ ಅಜ್ಜಿಯರಿಗೆ ಉಣ್ಣೆಯ ಟೋಪಿ, ಕಾಲುಚೀಲ. ಹಸುಗೂಸಿಗೆ ತಾಯಿಯ ಎದೆಯ ಬಿಸಿಗಿಂತ ಒಳ್ಳೆಯದಿಲ್ಲ. ಚಳಿಗೆಂದು ಕುಡಿಯುವ ಗಂಡಸರಿಗೂ ಒಂದು ಮಾತು: ಸಾರಾಯಿ ಚರ್ಮಕ್ಕೆ ರಕ್ತ ಹರಿಸಿ ಬಿಸಿಯೆನಿಸುತ್ತದೆ, ಒಳಗಿನ ಕಾವನ್ನು ಹೊರಗೆ ಕಳೆಯುತ್ತದೆ. ಕರೆಂಟಿನ ಹೀಟರ್ ಇರುವವರು ಮಲಗುವ ಮುನ್ನ ಒಂದು ಗಂಟೆ ಹಾಕಿ ಆರಿಸಬಹುದು; 1000 ವಾಟ್‌ನದಾದರೆ ಒಂದು ಯೂನಿಟ್ ಖರ್ಚು.

ಇನ್ನು ಸೌದೆ. ಹೊಸದಾಗಿ ಕಡಿದ ಮರದ ತೂಕದಲ್ಲಿ ಸುಮಾರು ಅರ್ಧ ನೀರೇ ಇರುತ್ತದೆ. ಅದನ್ನು ಉರಿಸಿದರೆ ಬೆಂಕಿಯ ಶಕ್ತಿ ನೀರನ್ನು ಆವಿ ಮಾಡುವುದರಲ್ಲೇ ಕಳೆದು, ಹೊಗೆ ಹೆಚ್ಚಿ, ಕೊಳವೆಯಲ್ಲಿ ಮಸಿ ಕಟ್ಟುತ್ತದೆ. ಸೀಳಿ, ನೆಲಕ್ಕೆ ತಾಗದಂತೆ ಸೂರಿನ ಕೆಳಗೆ ಗಾಳಿಯಾಡುವ ಹಾಗೆ ಪೇರಿಸಿ ಆರು ತಿಂಗಳಿಗೆ ಕಡಿಮೆಯಿಲ್ಲದೆ ಒಣಗಿಸಿ. ಒಣಗಿದ ಸೌದೆಯ ತುದಿ ಬಿರುಕು ಬಿಟ್ಟಿರುತ್ತದೆ. ಎರಡು ತುಂಡುಗಳನ್ನು ಬಡಿದರೆ ಟಣ್ ಎನ್ನುತ್ತದೆ. ದಪ್ ಎಂದರೆ ಇನ್ನೂ ಹಸಿ, ಮತ್ತೆ ಸೂರಿನ ಕೆಳಗೇ ಇಡಿ.