ಸಹಿ ಡಾಕ್ಟರದ್ದು, ನಿದ್ದೆಗೆಟ್ಟವಳು ನಾನು

ಪ್ರಶ್ನೆ: ಡಿಎಂಎಲ್‌ಟಿ ಓದಿ ತಾಲ್ಲೂಕು ಕೇಂದ್ರದ ಖಾಸಗಿ ಲ್ಯಾಬ್‌ನಲ್ಲಿ ಟೆಕ್ನಿಷಿಯನ್ ಆಗಿದ್ದೇನೆ. ಪೆಥಾಲಜಿಸ್ಟ್ ಇರುವುದು ಜಿಲ್ಲಾ ಕೇಂದ್ರದಲ್ಲಿ. ಅವರ ಸ್ಕ್ಯಾನ್ ಮಾಡಿದ ಸಹಿ ಕಂಪ್ಯೂಟರಿನಲ್ಲಿದೆ. ರಿಪೋರ್ಟಿಗೆ ಅದನ್ನು ನಾನೇ ಹಾಕಿ ಪ್ರಿಂಟ್ ಕೊಡುತ್ತೇನೆ. ಹೋದ ತಿಂಗಳು ವಯಸ್ಸಾದವರೊಬ್ಬರ ಪೊಟ್ಯಾಶಿಯಂ 6.8 ಬಂತು. ಸೀರಂ ಕೆಂಪಗಿತ್ತು. ಮತ್ತೆ ರಕ್ತ ತೆಗೆಯಬೇಕು ಎಂದೆ. ‘ಪಾರ್ಟಿ ಆಗಲೇ ಬಸ್ ಹತ್ತಿದೆ, ವಾಟ್ಸ್ಯಾಪ್ ಮಾಡಿಬಿಡು’ ಎಂದರು ಮಾಲೀಕರು. ಮಾಡಿದೆ. ಮರುದಿನ ಆಸ್ಪತ್ರೆಯಲ್ಲಿ ನೋಡಿದರೆ ನಾರ್ಮಲ್ ಇತ್ತಂತೆ. ಅಂದಿನಿಂದ ನನಗೆ ಸರಿಯಾಗಿ ನಿದ್ದೆಯಿಲ್ಲ. ಕೆಲಸ ಬಿಡೋಣವೆಂದರೆ ಮನೆ ನಡೆಯುವುದೇ ನನ್ನ ಸಂಬಳದಿಂದ. ‘ಹೊಸ ಕಾನೂನು ಬಂದಿದೆ, ಡಿಪ್ಲೊಮಾದವರನ್ನು ಇನ್ನು ಯಾರೂ ಇಟ್ಟುಕೊಳ್ಳಲ್ಲ’ ಎಂದೂ ಹೆದರಿಸುತ್ತಾರೆ.
– ಹೆಸರು ಬೇಡ

ಉತ್ತರ: ಆ ಹಿರಿಯರಿಗೆ ಏನೂ ಆಗಲಿಲ್ಲವೆಂದು ಗೊತ್ತಾದ ಮೇಲೂ ‘ಆಗಿಬಿಟ್ಟಿದ್ದರೆ?’ ಎಂಬ ಪ್ರಶ್ನೆ ನಿಮ್ಮನ್ನು ಬಿಡುತ್ತಿಲ್ಲ. ಅದು ಸಹಜ. ಲ್ಯಾಬಿನವರ ಈ ಸಂಕಟ ಹೊರಗಿನವರ ಕಣ್ಣಿಗೆ ಬೀಳುವುದೂ ಇಲ್ಲ. ಹಾಗಾಗಿ ಇಷ್ಟು ದಿನ ನೀವೊಬ್ಬರೇ ಹೊತ್ತಿದ್ದೀರಿ.

ಆ ದಿನ ನಡೆದದ್ದನ್ನು ಸ್ವಲ್ಪ ಬಿಡಿಸಿ ನೋಡೋಣ. ಸೀರಂ ಕೆಂಪಗಿದ್ದುದನ್ನು ಗಮನಿಸಿದವರು ನೀವು. ಕೆಂಪು ರಕ್ತಕಣ ಒಡೆದರೆ ಅದರೊಳಗಿನ ಪೊಟ್ಯಾಶಿಯಂ ಸೋರಿ, ಐದರ ಆಸುಪಾಸಿನೊಳಗೆ ಇರಬೇಕಾದದ್ದು ಸುಳ್ಳಾಗಿ ಏರುತ್ತದೆ ಎಂದು ತಿಳಿದವರು ನೀವು. ಮತ್ತೆ ಸ್ಯಾಂಪಲ್ ಬೇಕು ಎಂದು ಬಾಯಿಬಿಟ್ಟು ಹೇಳಿದವರೂ ನೀವೇ. ನಿಮ್ಮ ಕಲಿಕೆ ಸರಿಯಾಗಿಯೇ ಕೆಲಸ ಮಾಡಿತ್ತು. ಅಲ್ಲಿಂದ ಮುಂದೆ ವೈದ್ಯರೊಬ್ಬರ ಕಣ್ಣು ಬೀಳಬೇಕಿತ್ತು. ಆ ಜಾಗದಲ್ಲಿ ಬರೀ ಒಂದು ಚಿತ್ರ ಇತ್ತು. ಒಂದು ಷರಾ ಕೂಡ ಬರೆಯದೆ ರಿಪೋರ್ಟ್ ಕಳಿಸಿದ್ದು ನಿಮ್ಮ ಪಾಲಿನ ತಪ್ಪು, ಇಲ್ಲವೆನ್ನುವುದಿಲ್ಲ. ಆದರೆ ನೀವು ಉಳಿದವರ ಪಾಲನ್ನೂ ಸೇರಿಸಿ ನಿಮ್ಮ ತಲೆಗೇ ಕಟ್ಟಿಕೊಂಡಿದ್ದೀರಿ.

ಲ್ಯಾಬ್ ವರದಿಗೆ ಸಹಿ ಹಾಕಬೇಕಾದವರು ಪೆಥಾಲಜಿಯಲ್ಲಿ ಸ್ನಾತಕೋತ್ತರ ಅರ್ಹತೆಯಿರುವ ನೋಂದಾಯಿತ ವೈದ್ಯರು ಎಂದು ಸುಪ್ರೀಂ ಕೋರ್ಟ್ 2017ರ ಡಿಸೆಂಬರ್‌ನಲ್ಲೇ ಹೇಳಿದೆ. ಆಮೇಲೆ ಕೇಂದ್ರದ ನಿಯಮಗಳಲ್ಲಿ ಕೆಲವು ಸಡಿಲಿಕೆ ಬಂದವು, ನಿಜ. ಆದರೆ ನೋಡದವರ ಸಹಿಯನ್ನು ಇನ್ನೊಬ್ಬರು ಅಂಟಿಸಲು ಅವು ಅವಕಾಶ ಕೊಟ್ಟಿಲ್ಲ. ಇದು ನಿಲ್ಲಲೇಬೇಕು, ನಿಮ್ಮ ರಕ್ಷಣೆಗಾಗಿಯೂ.

ಇನ್ನು ಆ ‘ಹೊಸ ಕಾನೂನು’. 2021ರ ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯ ವೃತ್ತಿಪರರ ಆಯೋಗ ಕಾಯ್ದೆ ನಿಮ್ಮನ್ನು ಹೊರಗೆ ಹಾಕಲು ಬಂದದ್ದಲ್ಲ. ಅದರ ಅನುಸೂಚಿಯಲ್ಲಿ ಮೊದಲ ವರ್ಗವೇ ವೈದ್ಯಕೀಯ ಪ್ರಯೋಗಾಲಯದವರದು. ಎರಡರಿಂದ ನಾಲ್ಕು ವರ್ಷದಲ್ಲಿ ಕನಿಷ್ಠ 2,000 ಗಂಟೆ ಕಲಿತು ಡಿಪ್ಲೊಮಾ ಪಡೆದವರನ್ನೂ ಅದು ಒಳಗೊಂಡಿದೆ. ನೋಂದಣಿ ಆಗಿದ್ದರೆ ನಾಳೆ ಬೇರೆ ಕಡೆ ಕೆಲಸ ಕೇಳುವಾಗ ನಿಮ್ಮ ಮಾತಿಗೂ ತೂಕ ಬರುತ್ತದೆ. ಪ್ಯಾರಾಮೆಡಿಕಲ್ ಬೋರ್ಡಿನ ಸರ್ಟಿಫಿಕೇಟ್, ಅಂಕಪಟ್ಟಿ, ಅನುಭವ ಪತ್ರ ಒಂದೆಡೆ ಜೋಡಿಸಿಟ್ಟುಕೊಳ್ಳಿ. ನೋಂದಣಿಯ ಕ್ರಮವನ್ನು ಬೋರ್ಡಿನಲ್ಲೇ ವಿಚಾರಿಸಿ. ಮಾಲೀಕರ ಮಾತಿನ ಮೇಲೆ ನಿಲ್ಲಬೇಡಿ.

ಮಾಲೀಕರನ್ನು ಕೆಟ್ಟವರೆಂದು ನಾನು ಭಾವಿಸುವುದಿಲ್ಲ. ಸಣ್ಣ ಊರಿಗೆ ಪೆಥಾಲಜಿಸ್ಟ್ ಸಿಗುವುದು ಸುಲಭವಲ್ಲ. ಜನ ಕಡಿಮೆ ಇರುವ ಹೊತ್ತು ನೋಡಿ ಮಾತಾಡಿ: ‘ಸರ್, ಏನಾದರೂ ಆದರೆ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ (ಕೆಪಿಎಂಇ) ಇರುವ ಲ್ಯಾಬಿನ ನೋಂದಣಿಗೇ ತೊಂದರೆ. ರಿಪೋರ್ಟುಗಳನ್ನು ಡಾಕ್ಟರಿಗೆ ಆನ್‌ಲೈನ್‌ನಲ್ಲಿ ಕಳಿಸೋಣ, ಅವರು ನೋಡಿ ಒಪ್ಪಿದ ಮೇಲೆ ಕೊಡೋಣ.’ ಕೇಳಿದ್ದಷ್ಟೇ ಅಲ್ಲ, ದಾರಿಯನ್ನೂ ತೋರಿಸಿದಿರಿ ಎಂದಾದರೆ ಅವರಿಗೂ ಒಪ್ಪುವುದು ಹಗುರ. ಏನು ಮಾತಾಯಿತೆಂದು ಅಂದೇ ಒಂದು ಮೆಸೇಜ್ ಹಾಕಿ, ದಾಖಲೆ ಉಳಿಯುತ್ತದೆ.

ಅವರು ಒಪ್ಪಲಿ, ಬಿಡಲಿ, ನಾಳೆಯಿಂದಲೇ ನಿಮ್ಮ ಕೈಯಲ್ಲಿರುವುದೊಂದಿದೆ. ಸ್ಯಾಂಪಲ್ ಕೆಟ್ಟಿದ್ದರೆ ‘ಹಿಮೊಲೈಸ್ ಆಗಿದೆ, ಮರುಪರೀಕ್ಷೆ ಅಗತ್ಯ’ ಎಂದು ರಿಪೋರ್ಟಿನಲ್ಲಿ ಬರೆಯಿರಿ, ರಿಜಿಸ್ಟರಿನಲ್ಲೂ ಬರೆಯಿರಿ. ಅಪಾಯದ ಮಟ್ಟದ ಸಂಖ್ಯೆ ಬಂದರೆ ಪರೀಕ್ಷೆ ಬರೆದುಕೊಟ್ಟ ಡಾಕ್ಟರಿಗೆ ಫೋನ್ ಮಾಡಿ. ಬಸ್ ಹತ್ತಿದವರಿಗೂ ಫೋನ್ ಇರುತ್ತದಲ್ಲ. ತಿಳಿಹೇಳಿದ ಮೇಲೂ ಸಹಿಯ ವ್ಯವಸ್ಥೆ ಬದಲಾಗದಿದ್ದರೆ ಬೇರೆ ಲ್ಯಾಬ್ ಹುಡುಕಿ. ಹೊಸ ಕೆಲಸ ಖಚಿತವಾಗುವವರೆಗೆ ರಾಜೀನಾಮೆ ಕೊಡಬೇಡಿ, ಆದರೆ ಹುಡುಕುವುದನ್ನು ಮುಂದೂಡಲೂಬೇಡಿ. ದೂರು ಕೊಡಬೇಕೆನಿಸಿದರೆ ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಯಿದೆ.

ನಿದ್ದೆಯ ವಿಷಯ ಹಗುರಾಗಿ ತೆಗೆದುಕೊಳ್ಳಬೇಡಿ. ಮನೆಯಲ್ಲಿ ಒಬ್ಬರಿಗಾದರೂ ಇದನ್ನೆಲ್ಲ ಹೇಳಿ. ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಇನ್ನೂ ಎರಡು ವಾರ ಹೀಗೇ ಮುಂದುವರಿದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಂಡು ಬನ್ನಿ.