ಒಳಗೆ ಬಿಟ್ಟ ಬಟ್ಟೆ

ದುಬಾರಿ ಬಟ್ಟೆಯಂಗಡಿಯ ಗಾಜಿನ ಬಾಗಿಲನ್ನು ಕಾವಲುಗಾರ ತೆರೆಯುವ ಮೊದಲೇ ನಾನು ಹೊಟ್ಟೆಯನ್ನು ಒಳಗೆಳೆದುಕೊಂಡಿರುತ್ತಿದ್ದೆ. ವರ್ಷಗಟ್ಟಲೆ ಹೀಗೇ ನಡೆಯಿತು. ದುಡಿಮೆ ನನ್ನದು, ದುಡ್ಡು ನನ್ನದು. ಆದರೂ ಒಳಗೆ ಕಾಲಿಟ್ಟ ಕೂಡಲೇ ಪರೀಕ್ಷೆಗೆ ಕೂತವಳ ಹಾಗೆ ಅಂಗೈ ಬೆವರುತ್ತಿತ್ತು. ಸೇಲ್ಸ್ ಹುಡುಗಿಯ ಕಣ್ಣು ನನ್ನ ತೋಳಿನಿಂದ ಸೊಂಟಕ್ಕಿಳಿದು ಮುಖಕ್ಕೆ ಮರಳುವಷ್ಟರಲ್ಲಿ ತೀರ್ಮಾನ ಆಗಿಹೋಗಿರುತ್ತಿತ್ತು. "ಸ್ಕಾರ್ಫ್ ನೋಡ್ತೀರಾ ಮೇಡಂ? ಹೊಸ ಬ್ಯಾಗ್ ಬಂದಿವೆ." ಸ್ಕಾರ್ಫಿಗೆ, ಬ್ಯಾಗಿಗೆ ಮೈಯ ಅಳತೆ ಬೇಕಿಲ್ಲ. ಆ ಮಾತಿನ ಒಳಾರ್ಥವನ್ನು ದಪ್ಪಗಿರುವ ಯಾವ ಹೆಂಗಸಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಹೆರಿಗೆಯ ನಂತರ ಮೈ ತುಂಬಿಕೊಂಡಿತು, ಮತ್ತೆ ಇಳಿಯಲಿಲ್ಲ. ಸೀರೆ ಉಡುವಾಗ ಅದೊಂದು ಸಂಗತಿಯೇ ಅಲ್ಲ. ಐದೂವರೆ ಮೀಟರಿನ ಮೈಸೂರು ರೇಷ್ಮೆ ನನಗೂ ಆಗುತ್ತದೆ, ಕಡ್ಡಿಯಂಥ ಓರಗಿತ್ತಿಗೂ ಆಗುತ್ತದೆ. ನೆರಿಗೆಯಲ್ಲಿ ಒಂದೆರಡು ಹೆಚ್ಚುಕಡಿಮೆ, ಅಷ್ಟೇ. ರವಿಕೆ ಹೊಲಿಯುವ ಟೈಲರ್ ಕೊಡುವಾಗಲೇ, "ಒಳಗೆ ಬಟ್ಟೆ ಬಿಟ್ಟಿದೀನಮ್ಮ, ಬಿಗಿಯಾದ್ರೆ ಹೊಲಿಗೆ ಬಿಚ್ಕೊಳ್ಳಿ" ಅನ್ನುತ್ತಾರೆ. ಮೈ ಬದಲಾಗುತ್ತದೆ ಎಂಬ ತಿಳಿವಳಿಕೆ ಅವರ ಕತ್ತರಿಯಲ್ಲೇ ಇದೆ. ಅದನ್ನೇ ರೂಢಿ ಮಾಡಿಕೊಂಡಿದ್ದ ನಾನು ಕಚೇರಿಯ ದೊಡ್ಡ ಸಭೆಗಳಿಗೆಂದು ಒಳ್ಳೆಯ ಕೋಟು ಹುಡುಕಲು ಹೊರಟಾಗ ಬೇರೆಯೇ ಲೋಕ ಎದುರಾಯಿತು. ಅಲ್ಲಿ ಬಟ್ಟೆ ಮೊದಲೇ ತಯಾರಾಗಿತ್ತು, ಹೊಂದಿಕೊಳ್ಳಬೇಕಾದದ್ದು ನಾನು. ಒಂದು ಮಳಿಗೆಯಲ್ಲಿ ಕೋಟು ಹೆಗಲಿಗೆ ಚೆನ್ನಾಗಿ ಕೂತಿತು, ಗುಂಡಿ ಹತ್ತಲಿಲ್ಲ. "ನಿಮಗೆ ಇದು ಆಗಲ್ಲ ಮೇಡಂ" ಎಂದು ಹುಡುಗಿ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. ಆ ರಾತ್ರಿ ನಾನು ಊಟ ಮಾಡಲಿಲ್ಲ.

ನನ್ನ ಕಣ್ಣು ತೆರೆಸಿದವಳು ಗಾರ್ಮೆಂಟ್ ಕಾರ್ಖಾನೆಯಲ್ಲಿ ಪ್ಯಾಟರ್ನ್ ಮಾಡುವ ಗೆಳತಿ. ಅವಳು ಬಿಡಿಸಿ ಹೇಳಿದಳು: ಮೊದಲು ಒಂದು ಸ್ಯಾಂಪಲ್ ಅಳತೆಗೆ ಉಡುಪು ಕತ್ತರಿಸುತ್ತಾರೆ, ಉಳಿದ ಸೈಜುಗಳನ್ನು ಅದರಿಂದಲೇ ಇಂಚಿಂಚು ಹಿಗ್ಗಿಸಿ, ಕುಗ್ಗಿಸಿ ಮಾಡುತ್ತಾರೆ. ಆದರೆ ಮೈ ಎಲ್ಲ ಕಡೆ ಒಂದೇ ಸಮ ಬೆಳೆಯುವುದಿಲ್ಲ. ಎದೆ, ಸೊಂಟ ಹಿಗ್ಗಿದಷ್ಟು ಹೆಗಲು ಹಿಗ್ಗದು. ಒಂದು ಹಂತ ದಾಟಿದರೆ ಹೊಸ ಪ್ಯಾಟರ್ನನ್ನೇ ಬರೆಯಬೇಕು. ಅದು ಖರ್ಚಿನ ಬಾಬತ್ತು, ಹಾಗಾಗಿ ಎಷ್ಟೋ ಕಂಪನಿಗಳು ಅಲ್ಲಿಗೇ ನಿಲ್ಲಿಸುತ್ತವೆ. ಕಂಪನಿಯ ಲೆಕ್ಕದ ಪುಸ್ತಕದಲ್ಲಿ ಆದ ತೀರ್ಮಾನಕ್ಕೆ ನಾನು ಉಪವಾಸ ಮಲಗಿದ್ದೆ!

ಆ ಸ್ಯಾಂಪಲ್ ತೊಡುವ ರೂಪದರ್ಶಿಗಳ ಪಾಡನ್ನೂ ನೋಡಿ. 2017ರಲ್ಲಿ ಫ್ರಾನ್ಸಿನ ಎಲ್‌ವಿಎಂಎಚ್ ಮತ್ತು ಕೆರಿಂಗ್ ಎಂಬ ಎರಡು ದೈತ್ಯ ಫ್ಯಾಷನ್ ಸಮೂಹಗಳು ಫ್ರೆಂಚ್ ಅಳತೆಯ 32 ಎಂಬ ತೀರಾ ಸಣ್ಣ ಸೈಜನ್ನು ಮಹಿಳಾ ರೂಪದರ್ಶಿಗಳ ಆಯ್ಕೆಯಿಂದ ಕೈಬಿಡುವುದಾಗಿ ಒಪ್ಪಂದ ಮಾಡಿಕೊಂಡವು. ಹಾಗೆ ಬರೆದಿಡಬೇಕಾಗಿ ಬಂತು ಎಂಬುದನ್ನು ಓದಿದಾಗ ನನಗೆ ಸಂಕಟವಾಯಿತು. ಆ ಹುಡುಗಿಯರೂ ಯಾವುದೋ ಕನ್ನಡಿಯ ಮುಂದೆ ಉಸಿರು ಬಿಗಿಹಿಡಿದವರೇ.

ಕೋಟಿನ ಕಾಲರಿನಲ್ಲಿ 48 ಎಂದು ಕಂಡರೆ ನನ್ನ ಎದೆ ಧಸಕ್ಕೆನ್ನುತ್ತಿತ್ತು. ಅದು ಇಟಲಿಯ ಲೆಕ್ಕ ಎಂದು ಆಮೇಲೆ ತಿಳಿಯಿತು. ಇಟಲಿಯಲ್ಲಿ 42 ಆಗುವ ಮೈಗೇ ಹೆಚ್ಚೂಕಡಿಮೆ ಫ್ರಾನ್ಸಿನಲ್ಲಿ 38, ಬ್ರಿಟನ್ನಿನಲ್ಲಿ 10, ಅಮೆರಿಕದಲ್ಲಿ 6. ಭಾರತದ ಮೈಕಟ್ಟಿಗೆ ನಮ್ಮದೇ ಅಳತೆ ಪಟ್ಟಿ ಬೇಕೆಂದು ಫ್ಯಾಷನ್ ಶಿಕ್ಷಣ ನೀಡುವ ನಿಫ್ಟ್ ಸಂಸ್ಥೆ 25,000 ಜನರನ್ನು 3ಡಿ ಸ್ಕ್ಯಾನರಿನಲ್ಲಿ ಅಳೆಯುವ ಯೋಜನೆ ಹಾಕಿಕೊಂಡಿತು. ಅಳತೆಗೆ ಆರಿಸಿದ ಆರು ನಗರಗಳಲ್ಲಿ ಬೆಂಗಳೂರೂ ಒಂದು. ಇನ್ನು ಪ್ಯಾರಿಸ್ಸಿನ ‘ಓತ್ ಕುತೂರ್’: 1945ರಿಂದ ಕಾನೂನಿನ ರಕ್ಷಣೆ ಪಡೆದ ಆ ಹೆಸರಿನ ಉಡುಪನ್ನು ಗಿರಾಕಿಯ ಮೈ ಅಳೆದು, ತೊಡಿಸಿ ನೋಡಿ, ತಿದ್ದಿ ಹೊಲಿಯಬೇಕು. ಅತಿ ಶ್ರೀಮಂತರಿಗೆ ಅಲ್ಲಿ ಸಿಗುವ ಈ ಮರ್ಯಾದೆ ನನಗೆ ನಮ್ಮ ಬೀದಿಯ ಟೈಲರಿನಿಂದ ಮೊದಲಿನಿಂದಲೂ ಸಿಕ್ಕಿದೆ.

ಈಗ ಅಂಗಡಿಗೆ ಹೋಗುವ ಮುನ್ನ ಫೋನು ಮಾಡಿ, ಅತಿ ದೊಡ್ಡ ಸೈಜ್ ಯಾವುದಿದೆ ಎಂದು ಕೇಳುತ್ತೇನೆ. ಹೆಗಲಿಗೂ ಎದೆಗೂ ಆರಾಮಾಗುವ ಸೈಜನ್ನೇ ಆರಿಸುತ್ತೇನೆ, ಅದು ಎಷ್ಟೇ ದೊಡ್ಡ ಸಂಖ್ಯೆಯಿರಲಿ. ಸೊಂಟ, ತೋಳು ಆಮೇಲೆ ಹಿಡಿಸಬಹುದು. ಟ್ರಯಲ್ ರೂಮಿನಲ್ಲಿ ಕೂತು, ಕೈಯೆತ್ತಿ ನೋಡುತ್ತೇನೆ. ನೆತ್ತಿಯ ಮೇಲಿಂದ ಬೀಳುವ ದೀಪ ಮೈಯ ಪ್ರತಿ ಮಡಿಕೆಗೂ ನೆರಳು ಕೊಡುತ್ತದೆ, ಅದಕ್ಕೇ ಹೊರಗಿನ ಬೆಳಕಿಗೂ ಬಂದು ನೋಡುತ್ತೇನೆ.

ಅಕ್ಕನ ಮಗಳದು ನನಗೆ ತದ್ವಿರುದ್ಧ ಸಂಕಟ. ‘ಸಣಕಲಿ’ ಅನ್ನಿಸಿಕೊಂಡು ಬೆಳೆದವಳು, ಗೌನ್ ತೊಟ್ಟರೆ ಭುಜದಿಂದ ಜಾರುತ್ತದೆ. ಮೊನ್ನೆ ಅವಳ ಆರತಕ್ಷತೆಯ ಉಡುಪಿಗೆಂದು ಇಬ್ಬರೂ ಹೋಗಿದ್ದೆವು. ಅವಳದಕ್ಕೆ ಪಿನ್ನು ಹಾಕಿ ಗುರುತು ಮಾಡಿಸಿದೆವು. ನಾನು ಮೆಚ್ಚಿದ ಕೋಟು ಬೆನ್ನಿನಲ್ಲಿ ಸ್ವಲ್ಪ ಬಿಗಿ. "ಒಳಗೆ ಎಷ್ಟು ಬಟ್ಟೆ ಬಿಟ್ಟಿದೀರಿ?" ಎಂದು ಅವಳೇ ಕೇಳಿದಳು. ಸೇಲ್ಸ್ ಹುಡುಗಿ ಮ್ಯಾನೇಜರನ್ನು ಕರೆದಳು, ಮೂವರೂ ಸೇರಿ ಲೈನಿಂಗ್ ಎತ್ತಿ ಹೊಲಿಗೆ ತಡವಿದರು. ಅರ್ಧ ಇಂಚೂ ಇರಲಿಲ್ಲ. ಅಷ್ಟು ಬೆಲೆಯ ಕೋಟಿನೊಳಗೆ ಇನ್ನಷ್ಟು ಬಟ್ಟೆ ಬಿಡಬಾರದಿತ್ತೇ ಎಂದೆ. ಕಂಪನಿಗೆ ಬರೆಯುತ್ತೇನೆ ಎಂದು ಮ್ಯಾನೇಜರ್ ನನ್ನ ಮಾತನ್ನು ಗುರುತು ಹಾಕಿಕೊಂಡರು.