ಕಡಲ ತೀರದ ಹಸುರು ಬೇಲಿ



ಜಾಣನಾದ ಒಕ್ಕಲಿಗನು ದನಗಳು ನುಗ್ಗುವದಕ್ಕೆ ಮುಂಚೆಯೇ ಬೆಳೆಗೆ ಬೇಲಿ ಹಾಕುತ್ತಾನೆ. ಬೆಳೆ ಹಾಳಾದ ಮೇಲೆ ಹಾಕಿದ ಬೇಲಿಯಿಂದ ಆ ವರುಷಕ್ಕೆ ಪ್ರಯೋಜನವಿಲ್ಲ. ಕಡಲ ತೀರದ ಊರುಗಳಿಗೆ ಮರಗಳೇ ಬೇಲಿ. ಚಂಡಮಾರುತವು ಯಾವ ವರುಷ ಬರುವದೆಂದು ಯಾರೂ ಹೇಳಲಾರರು. ಅದು ಬಂದಾಗ ಮರ ಬೆಳೆಸುವದಕ್ಕೆ ಸಮಯವಿರುವದಿಲ್ಲ. 2021ರ ಮೇ ತಿಂಗಳಲ್ಲಿ ತೌಕ್ತೆ ಎಂಬ ಚಂಡಮಾರುತವು ನಮ್ಮ ಕರಾವಳಿಯ ಪಕ್ಕದಲ್ಲಿ ಹಾದುಹೋದಾಗ ತೀರದ ಮನೆಗಳಿಗೂ ದಾರಿಗಳಿಗೂ ಆದ ಹಾನಿಯು ಅನೇಕರ ನೆನಪಿನಲ್ಲಿದೆ. ಆದಕಾರಣ ಈ ಪಾಠದಲ್ಲಿ ನಾವು ಮೂರು ಸಂಗತಿಗಳನ್ನು ವಿಚಾರಿಸುವೆವು. ಯಾವವೆಂದರೆ: ತೀರದ ಮರಗಳು ಹೇಗೆ ಕಾಯುತ್ತವೆ? ಅವುಗಳಿಂದ ಜೀವನಕ್ಕೆ ಏನು ದೊರೆಯುತ್ತದೆ? ಅವನ್ನು ಎಲ್ಲಿ, ಹೇಗೆ ನೆಡತಕ್ಕದ್ದು?

1. ಮರಗಳು ಕಾಯುವ ವಿಧ

ನದಿಗಳು ಕಡಲನ್ನು ಸೇರುವ ಅಳಿವೆಗಳಲ್ಲಿ, ಭರತದ ನೀರು ಏರಿ ಇಳಿಯುವ ಕೆಸರಿನಲ್ಲಿ ಕಾಂಡ್ಲಾ ಗಿಡಗಳು ಬೆಳೆಯುತ್ತವೆ. ಇವುಗಳಲ್ಲಿ ಕೆಲವಕ್ಕೆ ಕಾಂಡದಿಂದ ಊರುಗೋಲುಗಳಂತೆ ಇಳಿದ ಬೇರುಗಳುಂಟು. ಬೇರೆ ಕೆಲವಕ್ಕೆ ಕೆಸರಿನೊಳಗಿಂದ ಗೂಟಗಳಂತೆ ಮೇಲಕ್ಕೆ ಎದ್ದು ಗಾಳಿಯನ್ನು ತಕ್ಕೊಳ್ಳುವ ಬೇರುಗಳುಂಟು. ತೆರೆಯು ಈ ಹೆಣಿಗೆಯೊಳಗೆ ನುಗ್ಗುವಾಗ ನೂರು ಕಡೆಗಳಲ್ಲಿ ತಡೆಯಲ್ಪಟ್ಟು ಬಲಗುಂದುತ್ತದೆ. ನೀರು ನಿಧಾನವಾದಲ್ಲಿ ಅದು ಹೊತ್ತು ತಂದ ಮಣ್ಣು ತಳದಲ್ಲಿ ನಿಲ್ಲುತ್ತದೆ. ಹೀಗೆ ದಡವು ಗಟ್ಟಿಯಾಗುತ್ತದೆ.

1999ರ ಅಕ್ಟೋಬರ್ 29ರಂದು ಒಡಿಶಾ ತೀರಕ್ಕೆ ಬಡಿದ ಮಹಾ ಚಂಡಮಾರುತದಲ್ಲಿ ಸುಮಾರು 10,000 ಜನರು ಸತ್ತರು. ಅಲ್ಲಿಯ ಕೇಂದ್ರಪಾಡಾ ಜಿಲ್ಲೆಯ ನೂರಾರು ಹಳ್ಳಿಗಳ ಲೆಕ್ಕವನ್ನು ಸೌದಾಮಿನೀ ದಾಸ್, ಜೆಫ್ರಿ ವಿನ್ಸೆಂಟ್ ಎಂಬ ಇಬ್ಬರು ವಿದ್ವಾಂಸರು ಶೋಧಿಸಿ 2009ರಲ್ಲಿ ಪ್ರಕಟಿಸಿದರು. ಕಡಲಿಗೂ ಊರಿಗೂ ನಡುವೆ ಕಾಂಡ್ಲಾ ವನವು ಅಗಲವಾಗಿದ್ದಲ್ಲಿ ಸತ್ತವರ ಸಂಖ್ಯೆ ಕಡಿಮೆಯಾಗಿತ್ತೆಂದು ಅವರು ಕಂಡರು. ಆದರೆ ಸರಕಾರವು ಮುಂದಾಗಿ ಕೊಟ್ಟ ಎಚ್ಚರಿಕೆಯಿಂದ ಉಳಿದ ಪ್ರಾಣಗಳು ಮರಗಳಿಂದ ಉಳಿದವುಗಳಿಗಿಂತ ಹೆಚ್ಚೆಂಬದನ್ನೂ ಅವರೇ ಬರೆದರು. ಇದನ್ನು ಚೆನ್ನಾಗಿ ಗಮನಿಸಬೇಕು. ಎಚ್ಚರಿಕೆ ಬಂದ ಕೂಡಲೇ ಮನೆ ಬಿಟ್ಟು ಹೋಗತಕ್ಕದ್ದು. ಮರಗಳಿವೆಯಲ್ಲಾ ಎಂದು ಕೂತುಕೊಂಡಿರುವದು ಬುದ್ಧಿಯಲ್ಲ.

ತಮಿಳುನಾಡಿನ ನಾಗಪಟ್ಟಿಣ ಜಿಲ್ಲೆಯ ನಾಲುವೇದಪತಿ ಎಂಬ ಹಳ್ಳಿಯಲ್ಲಿ 2002ರಲ್ಲಿ ಒಂದೇ ದಿವಸ 80,244 ಸಸಿಗಳನ್ನು ನೆಟ್ಟರು. 2004ರ ದಶಂಬರ 26ರಂದು ಸುನಾಮಿಯ ತೆರೆಗಳು ಬಂದಾಗ ಆ ತೋಪು ಊರಿಗೆ ಆಸರೆಯಾಯಿತೆಂದು ಹೇಳುತ್ತಾರೆ. ಆದಾಗ್ಯೂ ಅಂಥ ತೆರೆಯನ್ನು ತಡೆಯುವದರಲ್ಲಿ ಮರಗಳ ಪಾಲೆಷ್ಟೆಂಬ ವಿಷಯದಲ್ಲಿ ಪಂಡಿತರೊಳಗೆ ವಾದವುಂಟು. ಊರಿನ ಎತ್ತರವೂ ಕಡಲಿನಿಂದ ಅದಕ್ಕಿರುವ ದೂರವೂ ಮುಖ್ಯವೆಂದು ಕೆಲವರು ತೋರಿಸಿದ್ದಾರೆ. ಆದಕಾರಣ ಮರಗಳನ್ನು ಕೋಟೆಯೆಂದಲ್ಲ, ಬೇಲಿಯೆಂದೇ ಎಣಿಸೋಣ.

2. ಜೀವನಕ್ಕೆ ಆಗುವ ಸಹಾಯ

ಬಿರುಗಾಳಿಯು ಎಂದೋ ಒಮ್ಮೆ ಬರುವದು. ಹಸಿವೆಯಾದರೋ ದಿನಾಲೂ ಬರುವದು. ಕಾಂಡ್ಲಾ ಎಲೆಗಳು ಉದುರಿ ಕೊಳೆತು ಸಿಗಡಿ, ಏಡಿ ಮುಂತಾದವುಗಳಿಗೆ ಆಹಾರವಾಗುತ್ತವೆ. ಮೀನಿನ ಮರಿಗಳು ಬೇರುಗಳ ಮಧ್ಯದಲ್ಲಿ ಅಡಗಿಕೊಂಡು ಬೆಳೆಯುತ್ತವೆ. ವನವನ್ನು ಕಡಿದವನು ಮುಂದಿನ ವರುಷದ ತನ್ನ ಬಲೆಯನ್ನೇ ಬರಿದುಮಾಡುತ್ತಾನೆ.

ಕುಮಟೆ ತಾಲೂಕಿನ ಅಘನಾಶಿನಿ ಅಳಿವೆಯನ್ನು ದೃಷ್ಟಾಂತವಾಗಿ ತಕ್ಕೊಳ್ಳೋಣ. ಅಲ್ಲಿ ಇಳಿತದ ಹೊತ್ತಿನಲ್ಲಿ ಹೆಂಗಸರೂ ಗಂಡಸರೂ ಬಳಚು ಹೆಕ್ಕಿ ಹೊಟ್ಟೆ ಹೊರೆಯುತ್ತಾರೆ. ಉಪ್ಪುನೀರಿನ ಪಕ್ಕದ ಗಜನಿ ಭೂಮಿಯಲ್ಲಿ ಉಪ್ಪನ್ನು ತಾಳುವ ಕಗ್ಗ ಎಂಬ ಭತ್ತವನ್ನು ಬೆಳೆಯುತ್ತಾರೆ. ಗಜನಿಯ ಕಟ್ಟೆಯು ಒಡೆದರೆ ಬೆಳೆಯೆಲ್ಲಾ ನೀರುಪಾಲು. ಕಟ್ಟೆಯ ಹೊರಮಗ್ಗುಲಲ್ಲಿ ಕಾಂಡ್ಲಾ ಬೆಳೆದಿದ್ದರೆ ಅದರ ಬೇರುಗಳು ಮಣ್ಣನ್ನು ಹಿಡಿದುಕೊಳ್ಳುತ್ತವೆ. 2024ರಲ್ಲಿ ಈ ಅಳಿವೆಯು ಲೋಕದಲ್ಲಿ ಮುಖ್ಯವಾದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಯಲ್ಲಿ ಸೇರಿತು. ಆದರೂ ಕರ್ನಾಟಕದಲ್ಲಿ ಇರುವ ಕಾಂಡ್ಲಾ ವನವು ಬಹು ಸ್ವಲ್ಪ. 2021ರ ಸರಕಾರದ ವರದಿಯ ಪ್ರಕಾರ 13 ಚದರ ಕಿಲೋಮೀಟರ್ ಮಾತ್ರ.

3. ನೆಡತಕ್ಕ ಸ್ಥಳವೂ ರೀತಿಯೂ

ಕೆಸರಿಗೆ ಕಾಂಡ್ಲಾ, ಮರಳಿಗೆ ಗಾಳಿಮರ. ಗಾಳಿಮರವನ್ನು 19ನೆಯ ಶತಮಾನದಲ್ಲಿಯೇ ಕಾರವಾರದ ಕಡೆಯಲ್ಲಿ ಸೌದೆಗಾಗಿ ನೆಟ್ಟರು. ಅದು ಬಡ ಮರಳಿನಲ್ಲಿಯೂ ಬೇಗನೆ ಬೆಳೆದು ಗಾಳಿಯನ್ನು ಮುರಿಯುತ್ತದೆ. ಸೌದೆಯನ್ನೂ ಕಂಬವನ್ನೂ ಕೊಡುತ್ತದೆ. ಆದರೆ ಅದರ ಕೆಳಗೆ ಬೇರೆ ಗಿಡಗಳು ಹುಟ್ಟುವದು ಕಡಿಮೆ. ಆದಕಾರಣ ಸುರಹೊನ್ನೆ, ಗೇರು, ಕೇದಗೆ ಮುಂತಾದವನ್ನೂ ಕೂಡಿಸಿ ನೆಡುವದು ಉತ್ತಮ. ಒಮ್ಮೆಗೇ ಎಲ್ಲಾ ಕಡಿಯದೆ, ಪಾಲು ಪಾಲಾಗಿ ಕಡಿದು ಮರುನೆಡಬೇಕು.

ಕೆಲವು ಜಾತಿಯ ಕಾಂಡ್ಲಾಗಳ ಬೀಜವು ತಾಯಿಮರದಲ್ಲಿರುವಾಗಲೇ ಮೊಳೆತು ನುಗ್ಗೇಕಾಯಿಯಂತೆ ನೀಳವಾಗಿ ತೂಗುತ್ತದೆ. ಮಾಗಿದ ಕೋಡನ್ನು ಇಳಿತದ ಸಮಯದಲ್ಲಿ, ಮೂರರಲ್ಲೊಂದು ಪಾಲು ಕೆಸರಿನೊಳಗೆ ಇಳಿಯುವಂತೆ ನೆಟ್ಟಗೆ ಊರಬೇಕು. ದನಗಳು ಮೇಯದಂತೆಯೂ ಹರಕು ಬಲೆ, ಪ್ಲಾಸ್ಟಿಕ್ ಕಸ ಸುತ್ತಿಕೊಳ್ಳದಂತೆಯೂ ಮೊದಲ ವರುಷಗಳಲ್ಲಿ ಕಾಯಬೇಕು.

ಎಲ್ಲಾ ಕೆಸರೂ ನೆಡುವದಕ್ಕೆ ತಕ್ಕದ್ದಲ್ಲ. ಫಿಲಿಪೈನ್ಸ್ ದೇಶದಲ್ಲಿ ಅನೇಕ ವರುಷ ಬಹಳ ಹಣ ವೆಚ್ಚಮಾಡಿ ನೆಟ್ಟಾಗ್ಯೂ ಬಹುಕಾಲ ಉಳಿದವು ನೂರಕ್ಕೆ 10ರಿಂದ 20 ಮಾತ್ರವೆಂದು 2008ರಲ್ಲಿ ವಿದ್ವಾಂಸರು ತಿಳಿಸಿದರು. ಯಾಕಂದರೆ ಗಿಡಕ್ಕೆ ತಕ್ಕ ಎತ್ತರದಲ್ಲಿ ನೆಡದೆ, ಸುಲಭವಾಗಿ ಸಿಕ್ಕಿದ ತಗ್ಗಿನ ಕೆಸರಿನಲ್ಲಿ ನೆಟ್ಟಿದ್ದರು. ಅಂಥ ತಗ್ಗಿನ ಕೆಸರೇ ಬಳಚು ಹೆಕ್ಕುವವರ ಹೊಲವಾಗಿರುವದುಂಟು. ಅಲ್ಲಿ ನೆಟ್ಟರೆ ಗಿಡವೂ ಸಾಯುವದು, ಬಡವಳ ಬುಟ್ಟಿಯೂ ಬರಿದಾಗುವದು. ಒಬ್ಬರ ಮನೆಯನ್ನು ಕಾಯುವದಕ್ಕಾಗಿ ಇನ್ನೊಬ್ಬರ ಅನ್ನವನ್ನು ತೆಗೆಯುವದು ನ್ಯಾಯವಲ್ಲ. ಹೀಗಿರುವದರಿಂದ ನೆಡುವದಕ್ಕೆ ಮುಂಚೆ ಅರಣ್ಯ ಇಲಾಖೆಯವರನ್ನು ಕೇಳಬೇಕು. ಅಷ್ಟೇ ಅಗತ್ಯವಾಗಿ ದಿನಾಲೂ ಆ ಕೆಸರಿನಲ್ಲಿ ಇಳಿಯುವವರನ್ನೂ ಕೇಳಬೇಕು.

ಕೂಡಿ ವಿಚಾರಿಸತಕ್ಕ ಪ್ರಶ್ನೆಗಳು

1. ನಮ್ಮ ಊರಿಗೂ ಕಡಲಿಗೂ ನಡುವೆ ಯಾವ ಮರಗಳಿವೆ? ಹಿರಿಯರ ಕಾಲದಲ್ಲಿ ಎಷ್ಟಿದ್ದವು?
2. ಎಚ್ಚರಿಕೆ ಬಂದರೆ ಮುದುಕರನ್ನೂ ರೋಗಿಗಳನ್ನೂ ಯಾರು, ಎಲ್ಲಿಗೆ ಕರಕೊಂಡು ಹೋಗುವರು?
3. ನಾವು ನೆಡಬೇಕೆಂದಿರುವ ಸ್ಥಳದಿಂದ ಈಗ ಯಾರು ಜೀವನ ಮಾಡುತ್ತಾರೆ? ಅವರನ್ನು ಕೇಳಿದೆವೋ?
4. ನೆಟ್ಟ ಮೇಲೆ ಮೂರು ವರುಷ ಕಾಯುವವರು ಯಾರು?

ನಾಲ್ಕನೆಯದಕ್ಕೆ ಉತ್ತರ ಸಿಕ್ಕದಿದ್ದರೆ ಹತ್ತೇ ಗಿಡಗಳನ್ನು ನೆಟ್ಟು ಆ ಹತ್ತನ್ನು ಉಳಿಸುವದು ಮೇಲು.